ಪುಸ್ತಕದಲ್ಲಿಲ್ಲದ ನೀರು

ಬೈಬಲ್ ಸ್ತ್ರೀಯ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ಈಗಲೂ ನನ್ನ ಹತ್ತಿರ ಬಂದು ಕೂರುತ್ತಾರೆ. "ಅಜ್ಜೀ, ಈ ಕೆಲಸಕ್ಕ ಏನೇನು ಬೇಕು?" ಎಂದು ಕೇಳುತ್ತಾರೆ. ಕಾಲು ಗಟ್ಟಿ ಇರಲಿ, ಉಳಿದದ್ದು ದೇವರು ನೋಡಿಕೊಳ್ಳುತ್ತಾನೆ ಎಂದು ಬಾಯಿಗೆ ಬಂದದ್ದು ಹೇಳಿ ಕಳಿಸುತ್ತೇನೆ. ಅದು ಅರ್ಧ ಮಾತು. ಇನ್ನರ್ಧ ಹೇಳಿದರೆ ಹೆದರಿ ಓಡಿಹೋಗುತ್ತಾರೆಂದು ಬಾಯಿ ಮುಚ್ಚಿಕೊಳ್ಳುತ್ತೇನೆ. ಈ ಕೆಲಸದಲ್ಲಿ ಹೌಹಾರುವುದೇ ಹೆಚ್ಚು. ನಾನಂತೂ ಕೆಲಸಕ್ಕೆ ಸೇರಿದ ದಿನದಿಂದ ಬಿಡುವವರೆಗೆ ಹೌಹಾರಿಕೊಂಡೇ ಇದ್ದೆ.

ಬೈಬಲ್ ಸ್ತ್ರೀ ಅಂದರೆ ಮಿಷನ್ನಿನವರು ಸಂಬಳ ಕೊಟ್ಟು ಹಳ್ಳಿಗೆ ಕಳಿಸುತ್ತಿದ್ದ ಹೆಂಗಸು. ಮನೆ ಮನೆಗೆ ಹೋಗಿ ಹೆಂಗಸರಿಗೆ ವಾಕ್ಯ ಓದಿ ಹೇಳಬೇಕು, ಅಕ್ಷರ ಕಲಿಸಬೇಕು, ಹಡೆಯುವವರ ತಲೆದೆಸೆಯಲ್ಲಿ ಕೂರಬೇಕು. ಹೆಂಡತಿಯನ್ನು ಹೊಡೆದ ಗಂಡನಿಗೆ ಮುಖಕ್ಕೆ ಮುಖ ಕೊಟ್ಟು ಬೈಯುವುದು ಕೆಲಸದಲ್ಲಿ ಸೇರಿರಲಿಲ್ಲ, ಅದನ್ನು ನಾನೇ ಸೇರಿಸಿಕೊಂಡಿದ್ದೆ. ಆದೋನಿಯ ಮಿಷನ್ ಬೋರ್ಡಿಂಗಿನಲ್ಲಿ ಬೆಳೆದ ತಬ್ಬಲಿ ನಾನು. ಯಾವ ಕೇರಿಯಲ್ಲಿ ಹುಟ್ಟಿದವಳೆಂದು ನನಗೇ ಗೊತ್ತಿಲ್ಲ. ಹಾಗಾಗಿ ಯಾರ ಮನೆಯ ನೀರಾದರೂ ಕುಡಿಯುತ್ತಿದ್ದೆ, ಯಾರೂ ನನ್ನನ್ನು ಪೂರ್ತಿ ತಮ್ಮವಳು ಎನ್ನುತ್ತಿರಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಗೋನೆಗಂಡ್ಲದಲ್ಲಿ. ಮಿಷನ್ನಿನ ಬಿಳಿಯ ದೊರಸಾನಿ ಬಣ್ಣದ ಚಿತ್ರಗಳ ಒಂದು ಸುರುಳಿ ಕೊಟ್ಟಿದ್ದರು. ಗೋಡೆಗೆ ತೂಗುಹಾಕಿ ಒಂದೊಂದೇ ಚಿತ್ರ ತೋರಿಸಿ ಕಥೆ ಹೇಳುವುದು ಆಗಿನ ಹೊಸ ಪದ್ಧತಿ. ಕಳೆದುಹೋದ ಕುರಿಯನ್ನು ಹೆಗಲ ಮೇಲೆ ಹೊತ್ತು ತರುವ ಕುರುಬನ ಚಿತ್ರ ಬಿಚ್ಚಿದೆ. ಊರಿನ ಮುದುಕ ಕುರಿಗಾರನೊಬ್ಬ ಕಂಬಳಿ ಹೊದ್ದು ಮುಂದೆಯೇ ಕೂತಿದ್ದ. ನೂರರಲ್ಲಿ ಒಂದು ತಪ್ಪಿಸಿಕೊಂಡಾಗ ತೊಂಬತ್ತೊಂಬತ್ತನ್ನು ಬಿಟ್ಟು ಆ ಒಂದನ್ನು ಹುಡುಕಿ ಹೋದ ಎಂದು ನಾನು ರಾಗವಾಗಿ ಹೇಳಿದೆ.

"ಆ ತೊಂಬತ್ತೊಂಬತ್ತನ್ನ ಯಾರು ಕಾದ್ರು?" ಎಂದ ಮುದುಕ.

"ಅದು ಬರೆದಿಲ್ಲ ತಾತಾ."

"ಬರದಿಲ್ಲಾ? ತೋಳ ತಿರಗೋ ಸೀಮಿ ಇದು! ಹಂಗ ಬಿಟ್ಟು ಹೋದೋನಿಗೆ ನಾನಾದ್ರ ಒಂದು ಕುರಿ ಕೊಡಾಂಗಿಲ್ಲ ನೋಡವ್ವ." ಎದ್ದು ಹೋಗಿಯೇ ಬಿಟ್ಟ.

ನಾನು ಸುರುಳಿ ಹಿಡಿದುಕೊಂಡು ಕಕ್ಕಾಬಿಕ್ಕಿಯಾಗಿ ನಿಂತೆ. ಆದೋನಿಗೆ ಬಂದು ದೊರಸಾನಿಗೆ ಹೇಳಿದರೆ ಅವರು ನಕ್ಕು, "ಬರೆದದ್ದನ್ನು ಹೇಳು, ಬರೆಯದ್ದನ್ನು ಕೇಳಲು ಬಿಡಬೇಡ" ಎಂದರು. ಕೇಳಲು ಬಿಡದೆ ಇರಲು ಜನರ ಬಾಯೇನು ನನ್ನ ಸೆರಗಿನ ಗಂಟೇ? ಹಾಗೆಂದು ಅವರಿಗೆ ಹೇಳಲಿಲ್ಲ, ಹೊರಗೆ ಬಂದು ಅಡುಗೆಯವಳಿಗೆ ಹೇಳಿದೆ.

ಎರಡನೆಯದು ಕೋಸಗಿ ಸ್ಟೇಷನ್ನಿನಿಂದ ನಡೆದುಹೋಗುವಷ್ಟು ದೂರದ ಒಂದು ಹಳ್ಳಿಯಲ್ಲಿ. ನಮ್ಮ ಪಾದ್ರಿ ಅಯ್ಯನವರ ಜೊತೆ ಹೋಗಿದ್ದೆ. ಅವರು ಆದೋನಿಯಲ್ಲಿದ್ದುಕೊಂಡು ಸುತ್ತಲಿನ ಸಭೆಗಳನ್ನೆಲ್ಲ ನೋಡಿಕೊಳ್ಳುತ್ತಿದ್ದರು. ಕನ್ನಡ, ತೆಲುಗು ಎರಡರಲ್ಲೂ ಪಂಡಿತರು. ಬೇಸಿಗೆಯಲ್ಲೂ ಕರಿ ಕೋಟು ಬಿಚ್ಚುತ್ತಿರಲಿಲ್ಲ. ಆ ಹಳ್ಳಿಯ ಪ್ರಾರ್ಥನೆ ಮನೆಯ ಬಾಗಿಲ ಚೌಕಟ್ಟಿನ ಮೇಲೆ ಕೆಂಪಗೆ ಏನೋ ಒಣಗಿತ್ತು. ನಾನು ಕೆಮ್ಮಣ್ಣಿನ ಜಾಜು ಎಂದುಕೊಂಡೆ. ಮುಟ್ಟಿ ನೋಡಿದರೆ ರಕ್ತ!

"ಏನ್ರೋ ಇದು?" ಎಂದು ಅಯ್ಯನವರು ಕೂಗಿಕೊಂಡರು.

"ಬಿತ್ತೋಕ ಮುಂಚೆ ಕೋಳಿ ಕೊಯ್ದು ಬಳೀತೀವ್ರಿ. ಮೋಶೆ ಹೇಳ್ಯಾನಲ್ಲರಿ," ಎಂದ ಅಲ್ಲಿಯ ಹಿರಿಯ.

"ಮೋಶೆ ಹೇಳಿದ್ದು ಕುರಿ! ಅದೂ ಐಗುಪ್ತದಾಗ, ಸಾವು ಮನಿ ದಾಟಿ ಹೋಗಲಿ ಅಂತ, ಒಂದೇ ರಾತ್ರಿ!"

"ಕುರಿ ಕೊಯ್ಯೋ ಶಕ್ತಿ ನಮಗೆಲ್ಲೈತ್ರಿ ಅಯ್ಯನೋರೆ? ಕೋಳಿ ಸಾಕು ಅಂತ ಹಳೇ ಉಪದೇಶಿ ಹೇಳಿಕೊಟ್ಟಾರ."

ಅಯ್ಯನವರು ಕೈಯಾರೆ ಚೌಕಟ್ಟು ತೊಳೆದರು. ಹಿಂದಿರುಗುವ ದಾರಿಯಲ್ಲಿ ನನಗೆ ಹೇಳಿದರು, "ಚೂಡಮ್ಮಾ, ಬರೆದದ್ದು ಒಂದು ಗೋಡಿ ಇದ್ದಂಗ. ಒಂದು ಕಲ್ಲು ಸಡಿಲ ಬಿಟ್ಟರ ಸಾಕು, ಇವತ್ತು ಕೋಳಿ ಬಂತು, ನಾಳೆ ಕೋಣ ಬರತೈತಿ." ನನಗೂ ಅದು ನಿಜ ಎನಿಸಿತು. ಅವರ ಮೇಲೆ ಮುಂದೆ ನನಗೆ ಎಷ್ಟು ಸಿಟ್ಟು ಬಂದರೂ ಆ ಚೌಕಟ್ಟನ್ನು ನೋಡಿದವಳಾದ್ದರಿಂದ ಅವರನ್ನು ಪೂರ್ತಿ ತಪ್ಪು ಎನ್ನಲಾರೆ.

ಈಗ ಆಲೂರಿನ ಆಚೆಯ ಹಳ್ಳಿಯ ಸಂಗತಿಗೆ ಬರುತ್ತೇನೆ. ಅಲ್ಲಿಯವರ ಮೊಮ್ಮಕ್ಕಳು ಈಗ ಒಳ್ಳೆಯ ಕೆಲಸಗಳಲ್ಲಿದ್ದಾರೆ, ಹಾಗಾಗಿ ಊರ ಹೆಸರು ಬೇಡ. ದೊಡ್ಡ ಯುದ್ಧ ನಡೆಯುತ್ತಿತ್ತು, ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸ ಕಾಲದಲ್ಲಿ ನನ್ನನ್ನು ಅಲ್ಲಿಗೆ ಹಾಕಿದರು.

ಆ ಊರಿನ ಕ್ರೈಸ್ತರೆಲ್ಲ ಊರ ಹೊರಗಿನ ಎರಡು ಕೇರಿಗಳವರು, ಮೇಲಿನ ಕೇರಿ ಮತ್ತು ಕೆಳಗಿನ ಕೇರಿ. ಊರವರಿಗೆ ಇಬ್ಬರೂ ಮೈಲಿಗೆ. ಊರ ಬಾವಿಯ ಹತ್ತಿರ ಇಬ್ಬರೂ ಬೊಗಸೆ ಒಡ್ಡಿ ನಿಲ್ಲಬೇಕು, ಊರವರು ಮೇಲಿಂದ ನೀರು ಹೊಯ್ಯಬೇಕು. ಅಷ್ಟಾದರೂ ಮೇಲಿನ ಕೇರಿಯವರು ಚರ್ಮದ ಕೆಲಸ ಮಾಡುವ ಕೆಳಗಿನ ಕೇರಿಯವರ ಕೈನೀರು ಮುಟ್ಟುವುದಿಲ್ಲ. ಸುತ್ತಲಿನ ಎಷ್ಟೋ ಊರುಗಳಲ್ಲಿ ಸ್ನಾನದೀಕ್ಷೆ ತೆಗೆದುಕೊಂಡು ಕ್ರೈಸ್ತರಾದ ಮೇಲೂ ಈ ರೋಗ ಹೋಗಿರಲಿಲ್ಲ. ಪ್ರಾರ್ಥನೆ ಮನೆಯಲ್ಲಿ ಒಂದೇ ದೇವರು, ಹೊರಗೆ ಬಂದರೆ ಎರಡು ಕೊಡ!

ಈ ಊರಿನಲ್ಲಿ ಮಾತ್ರ ಹಾಗಿರಲಿಲ್ಲ. ಎಲೀಸಮ್ಮ ಎಂಬ ಕೆಳಗಿನ ಕೇರಿಯ ವಿಧವೆಯ ಮನೆಯ ಜಗಲಿಯಲ್ಲಿ ಮೇಲಿನ ಕೇರಿಯ ಹೆಂಗಸರು ಕೂತು ಆಕೆಯ ಚೊಂಬಿನಿಂದ ನೀರು ಕುಡಿಯುವುದನ್ನು ಕಂಡು ನಾನು ಬಾಯಿ ಮೇಲೆ ಕೈ ಇಟ್ಟುಕೊಂಡೆ. ಅದಕ್ಕಿಂತ ಹೆಚ್ಚಾಗಿ, ಎಲೀಸಮ್ಮನ ಮಗಳು ಸುಂದರಮ್ಮನಿಗೆ ಮೇಲಿನ ಕೇರಿಯ ಹಿರಿಯ ದಾವೀದಪ್ಪನವರ ಮಗ ಯಾಕೋಬನ ಜೊತೆ ಮದುವೆ ಗೊತ್ತಾಗಿತ್ತು. ಆದೋನಿಯ ಹತ್ತಿ ಜಿನ್ನಿನಲ್ಲಿ ಇಬ್ಬರೂ ಸುಗ್ಗಿಗೆ ದುಡಿಯಲು ಹೋದಾಗ ಮನಸ್ಸಾಗಿತ್ತಂತೆ. ಈಸ್ಟರ್ ಮರುದಿನ ಸೋಮವಾರ ಮದುವೆ. ಅಂಥ ಸಂಬಂಧವನ್ನು ನಮ್ಮ ಸೀಮೆಯಲ್ಲಿ ನಾನು ಅದುವರೆಗೆ ಕೇಳಿರಲೇ ಇಲ್ಲ.

"ಹೆಂಗ ಒಪ್ಪಿದ್ರು ಅವರು?" ಎಂದು ಎಲೀಸಮ್ಮನನ್ನು ಕೇಳಿದೆ.

"ಯಾಕ ಒಪ್ಪೂದಿಲ್ಲ? ನೀರಿನ ತಾಯಿ ನಮ್ಮ ಕೇರಿಯಾಕಿ ಅಲ್ಲೇನು!" ಎಂದಳು ಆಕೆ. "ಆ ಅಧ್ಯಾಯ ಓದು ಬೈಬಲಮ್ಮ. ಓದೋರ ಬಾಯಿಲೆ ಕೇಳಿ ಬಾಳ ದಿನ ಆತು."

ಯಾವ ಅಧ್ಯಾಯ? ನನ್ನ ಮುಖ ನೋಡಿ ಆಕೆಯೇ ಹೇಳಿದಳು. ಕರ್ತನು ಶಿಲುಬೆಯ ಮೇಲೆ ನೀರಡಿಕೆ ಎಂದು ಕೂಗಿದಾಗ ಚರ್ಮದ ಕೇರಿಯ ಒಬ್ಬ ಹೆಂಗಸು ಕೊಡ ಹೊತ್ತು ನಿಂತಿದ್ದಳಂತೆ. ನಿನ್ನ ಕೈನೀರು ಯಾರಿಗೆ ಬೇಕು ಎಂದು ಅವಳನ್ನು ತಳ್ಳಿ ಸಿಪಾಯಿಗಳು ಹುಳಿರಸ ಕೊಟ್ಟರಂತೆ. ಅವಳು ತುಂಬಿದ ಕೊಡ ಹೊತ್ತು ಅಳುತ್ತಾ ಮನೆಗೆ ಬಂದಳಂತೆ. ಮೂರನೆಯ ದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ತೆರೆದರೆ ಎದ್ದು ಬಂದ ಕರ್ತನು! "ಅವ್ವಾ, ಅವತ್ತಿನ ನೀರು ಐತೇನು?" ಎಂದು ಕೇಳಿ, ಬೊಗಸೆ ಒಡ್ಡಿ ಕುಡಿದನಂತೆ. ಅದಕ್ಕೇ ಪ್ರತಿ ಶುಭ ಶುಕ್ರವಾರ, ನೀರಡಿಕೆಯ ಮಾತು ಓದಿದ ಕೂಡಲೇ ಮೇಲಿನ ಕೇರಿಯವರೆಲ್ಲ ಎದ್ದು ಬೊಗಸೆ ಒಡ್ಡುವುದು, ಕೆಳಗಿನ ಕೇರಿಯ ಹೆಂಗಸರು ಹೊಸ ಕೊಡದಿಂದ ನೀರು ಹೊಯ್ಯುವುದು ಆ ಊರಿನ ಪದ್ಧತಿ.

ಎಂಥ ಕಥೆ! ಆದರೆ ಇಂಥ ಕಥೆ ನಾಲ್ಕು ಸುವಾರ್ತೆಗಳಲ್ಲಿ ಎಲ್ಲೂ ಇಲ್ಲವಲ್ಲ! ಆಕೆಯ ಎದುರೇ ಹಾಳೆ ತಿರುವಿದೆ.

"ನಿನ್ನದೂ ಕನ್ನಡ ಪುಸ್ತಕ ಏನು? ಇದರಾಗ ಇರಾಂಗಿಲ್ಲ ಬಿಡು," ಎಂದಳು ಎಲೀಸಮ್ಮ ಸಮಾಧಾನವಾಗಿ. "ನಮ್ಮ ಹುಡುಗ್ರೂ ಹುಡುಕ್ಯಾರ. ತೆಲುಗಿನ್ಯಾಗ ಐತಿ. ಮ್ಯಾಲಿನ ಕೇರ್ಯಾಗ ಐತಿ ಆ ಪುಸ್ತಕ."

ದಾವೀದಪ್ಪನವರ ಮನೆಗೆ ಹೋಗಿ, ನೀರಿನ ತಾಯಿಯ ಕಥೆ ನಿಮ್ಮ ಪುಸ್ತಕದಲ್ಲಿದೆಯೇ ಎಂದು ಕೇಳಿದೆ. ಮೇಲಿನ ಕೇರಿಯವರ ನಂಟಸ್ತನವೆಲ್ಲ ಕರ್ನೂಲಿನ ಕಡೆ, ಓದಿದ್ದೆಲ್ಲ ತೆಲುಗು. ಅವರು ಗೂಡಿನಿಂದ ತೆಲುಗು ಬೈಬಲ್ ತೆಗೆದು ಕಣ್ಣಿಗೊತ್ತಿಕೊಂಡು ನನ್ನ ಕೈಗಿಟ್ಟರು. "ಲೇದು, ಇದರಾಗ ಆ ಕಥಿ ಇಲ್ಲಮ್ಮ. ನಿಮ್ಮ ಕನ್ನಡದ್ದರಾಗ ಐತಂತಲ್ಲ? ಕೆಳಗಿನವರ ಕಥಿ ಅಲ್ಲೇನು, ಅವರ ಪುಸ್ತಕದಾಗ ಇಟ್ಟಾರ," ಎಂದರು.

ಅಯ್ಯೋ ದೇವರೇ! ಒಂದು ತಲೆಮಾರು ಪೂರ್ತಿ ತೆಲುಗಿನವರು ಕನ್ನಡದಲ್ಲಿದೆ ಎಂದುಕೊಂಡು, ಕನ್ನಡದವರು ತೆಲುಗಿನಲ್ಲಿದೆ ಎಂದುಕೊಂಡು ಬಾಳಿದ್ದರು. ತಮ್ಮ ಪುಸ್ತಕದಲ್ಲಿ ಇಲ್ಲವಲ್ಲ ಎಂಬ ಸಂಕೋಚಕ್ಕೆ ಒಬ್ಬರನ್ನೊಬ್ಬರು ಕೇಳಿರಲೂ ಇಲ್ಲ. ಊರಿಗೆ ಮೊದಲು ಬಂದ ಉಪದೇಶಿ ಅಕ್ಷರ ಬಾರದ ಜನಕ್ಕೆ ಹಾಡಿ, ಹೇಳಿ ಎಲ್ಲವನ್ನೂ ಬಾಯಿಪಾಠ ಮಾಡಿಸಿದ್ದ. ಆಗಿನ ಪದ್ಧತಿಯೇ ಅದು. ಈ ಕಥೆ ಅವನು ಕಟ್ಟಿದ್ದೋ, ಯಾರೋ ಮುದುಕಿ ಸೇರಿಸಿದ್ದೋ, ಹೇಳಲು ಅವನು ಬದುಕಿರಲಿಲ್ಲ.

"ಅಯ್ಯನೋರನ್ನ ಕೇಳೋಣ್ರಿ," ಎಂದು ಪುಸ್ತಕ ಹಿಂದಕ್ಕೆ ಕೊಟ್ಟು ಹೊರಟು ಬಂದೆ. ದಾವೀದಪ್ಪನವರು ಸುಮ್ಮನಿರುವ ಆಸಾಮಿಯಲ್ಲ. ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಅಯ್ಯನವರು ಬಂದು ಆರಾಧನೆ ಮುಗಿಸುವುದನ್ನೇ ಕಾದಿದ್ದು ಸಭೆಯ ನಡುವೆ ಎದ್ದು ನಿಂತರು.

"ಅಯ್ಯನೋರೆ, ನೀರಿನ ತಾಯಿ ಯಾವ ಪುಸ್ತಕದಾಗ ಅದಾಳ? ಕನ್ನಡದಾಗೋ ತೆಲುಗಿನ್ಯಾಗೋ?"

ಪ್ರತಿವರ್ಷ ಆ ಶುಕ್ರವಾರ ಆದೋನಿಯಲ್ಲೇ ಇರುತ್ತಿದ್ದ ಅಯ್ಯನವರಿಗೆ ಈ ಪದ್ಧತಿ ಗೊತ್ತೇ ಇರಲಿಲ್ಲ. ಕಥೆಯನ್ನು ಪೂರ್ತಿ ಕೇಳಿದ ಅವರ ಮುಖದಲ್ಲಿ ನನಗೆ ಆ ಕೋಸಗಿಯ ಚೌಕಟ್ಟು ಕಂಡಿತು. "ಯಾವುದರಾಗೂ ಇಲ್ಲ," ಎಂದರು. "ಯಾವ ಭಾಷೆಯೊಳಗೂ ಇಲ್ಲ. ಇದು ದೇವರ ವಾಕ್ಯ ಅಲ್ಲ. ಈ ಶುಕ್ರವಾರದಿಂದ ಕೊಡ ತರಬ್ಯಾಡ್ರಿ."

ದಾವೀದಪ್ಪನವರು ನಿಂತೇ ಇದ್ದರು. "ಕರ್ತನೇ ಕುಡದಾನ, ನಾನ್ಯಾರು ಬ್ಯಾಡ ಅನ್ನಾಕ ಅಂತ ಇಷ್ಟು ವರ್ಷ ಕುಡದೆ. ನಮ್ಮ ನಂಟರೆಲ್ಲ ನನ್ನ ಮನಿ ಬಿಟ್ರು, ಆದ್ರೂ ಕುಡದೆ. ಈಗ ಯಾರೋ ಕಟ್ಟಿದ ಕಥಿ ಅಂತೀರಿ!" ಎಂದು ಕೂಗಿದರು. ಆಮೇಲೆ ಎಲೀಸಮ್ಮನ ಕಡೆ ತಿರುಗಿ, "ಮದುವಿ ಇಲ್ಲವ್ವ. ಮುಗೀತು," ಎಂದರು.

ಸುಂದರಮ್ಮ ಗೋಡೆಗೆ ಒರಗಿ ಕೂತಿದ್ದಳು. ಅವಳು ಅಳಲಿಲ್ಲ, ಯಾಕೋಬನನ್ನೇ ನೋಡುತ್ತಿದ್ದಳು. ಅಪ್ಪನೆದುರು ಬಾಯಿ ಬಿಡದ ಆ ಪುಣ್ಯಾತ್ಮ ನೆಲ ನೋಡುತ್ತಿದ್ದ. ಇಡೀ ಸಭೆಯೆದುರು ಮುರಿದ ಸಂಬಂಧ. ಇನ್ನು ಅವಳನ್ನು ಮೇಲಿನ ಕೇರಿಯವರೂ ಕೇಳುವುದಿಲ್ಲ, ಮೇಲಿನ ಕೇರಿಗೆ ಹೋಗಲು ಹೊರಟಿದ್ದವಳು ಎಂದು ಕೆಳಗಿನವರೂ ಕೇಳುವುದಿಲ್ಲ. ಹೊರಗೆ ಬಂದಾಗ ಮೇಲಿನ ಕೇರಿಯ ಹೆಂಗಸರು ಎಲೀಸಮ್ಮನ ಜಗಲಿಯನ್ನು ಬಳಸಿಕೊಂಡು ಬೇರೆ ದಾರಿಯಲ್ಲಿ ಹೋದರು. ಅಷ್ಟು ಬೇಗ! ಬೆಳಿಗ್ಗೆ ಕುಡಿದಿದ್ದ ನೀರು ಹೊಟ್ಟೆಯಲ್ಲಿ ಇನ್ನೂ ಇದ್ದಿರಬೇಕು.

ನಾನು ಸುಮ್ಮನೆ ಕೂರುವವಳಲ್ಲ. ಪುಸ್ತಕವೇ ಬೇಕಾದರೆ ಪುಸ್ತಕದಿಂದಲೇ ತೋರಿಸುತ್ತೇನೆ ಎಂದು ಮರುದಿನ ದಾವೀದಪ್ಪನವರ ಮನೆಗೆ ನುಗ್ಗಿದೆ. ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯ ತೆರೆದೆ. ಕರ್ತನು ಬಾವಿಯ ಹತ್ತಿರ ದಣಿದು ಕೂತಿದ್ದಾನೆ. ಸಮಾರ್ಯದ ಹೆಂಗಸೊಬ್ಬಳು ನೀರಿಗೆ ಬರುತ್ತಾಳೆ. ಅವಳ ಜನಕ್ಕೂ ಅವನ ಜನಕ್ಕೂ ನೀರು ನಿಡಿ ಸಲ್ಲುವುದಿಲ್ಲ. ಆದರೂ ಕುಡಿಯಲು ಕೊಡು ಎಂದು ಅವಳನ್ನು ಕೇಳುತ್ತಾನೆ.

"ನೋಡ್ರಿ! ಇದು ಕಟ್ಟುಕಥಿ ಅಲ್ಲ, ಬರದೈತಿ. ಯಾರ ಕೈನೀರು ಬ್ಯಾಡ ಅಂತಾರೋ ಆ ಜನದ ಹೆಂಗಸಿನ ಕೈಲಿ ಕೇಳ್ಯಾನ!" ಎಂದೆ ಗೆದ್ದವಳ ಹಾಗೆ.

ಅವರು ತಮ್ಮ ತೆಲುಗು ಪುಸ್ತಕ ತೆಗೆದು ಬೆರಳಿಟ್ಟುಕೊಂಡು ನಿಧಾನವಾಗಿ ಓದಿದರು. ಅಧ್ಯಾಯ ಮುಗಿಸಿ ಮತ್ತೆ ಮೊದಲಿಂದ ಓದಿದರು.

"ಕೇಳ್ಯಾನ, ಸರಿ," ಎಂದರು. "ಕುಡದ ಅಂತ ಎಲ್ಲೈತಿ?"

"ಅಂದ್ರ?"

"ಆಕಿ ಕೊಡ ಬಿಟ್ಟು ಊರಾಗ ಓಡಿದ್ಲು ಅಂತೈತಿ. ಶಿಷ್ಯರು ಊಟ ತಂದ್ರು, ಒಲ್ಲೆ ಅಂದ ಅಂತೈತಿ. ನೀರು ಕುಡದ ಅಂತ ಇಲ್ಲಲ್ಲಮ್ಮ. ಕೇಳೂದು ಬ್ಯಾರೆ, ಕುಡಿಯೂದು ಬ್ಯಾರೆ. ನೀನ ತೋರಿಸು."

ಹುಡುಗಿಯರೇ, ಆ ಅಧ್ಯಾಯ ನನಗೆ ಬಾಯಿಪಾಠ. ಎಷ್ಟು ಜಗಲಿಗಳ ಮೇಲೆ ಹೇಳಿದ್ದೇನೋ ಲೆಕ್ಕವಿಲ್ಲ. ಪ್ರತಿಸಲವೂ "ಆಮೇಲೆ ಕರ್ತನು ನೀರು ಕುಡಿದು" ಎಂದೇ ಹೇಳಿದ್ದೆ. ಪುಸ್ತಕದಲ್ಲಿ ಹುಡುಕಿದೆ. ಇಲ್ಲ! ನೀವೂ ತೆಗೆದು ನೋಡಿ, ಇಲ್ಲ. ನಾನೂ ಆ ಕಥೆ ಕಟ್ಟಿದವರ ಹಾಗೆ ಇಷ್ಟು ದಿನ ನೀರು ಸೇರಿಸಿಕೊಂಡೇ ಬಂದಿದ್ದೆ.

ಅಲ್ಲಿಂದ ಸೀದಾ ಅಯ್ಯನವರ ಹತ್ತಿರ ಹೋದೆ. ಈ ಗಲಾಟೆಯಿಂದಾಗಿ ಆ ವಾರವೆಲ್ಲ ಅವರು ಪ್ರಾರ್ಥನೆ ಮನೆಯ ಪಕ್ಕದ ಕೋಣೆಯಲ್ಲಿ ಇಳಿದುಕೊಂಡಿದ್ದರು. ನನ್ನ ಸಿಟ್ಟು ನೆತ್ತಿಗೇರಿತ್ತು.

"ಶುಕ್ರವಾರದ ಮೂರು ತಾಸಿನ ಆರಾಧನೆ ಯಾವ ವಚನದಾಗ ಐತ್ರಿ? ಮದುವಿ ಉಂಗುರ ಎಲ್ಲೈತ್ರಿ? ನಿಮ್ಮ ಕರೀ ಕೋಟು ಯಾವ ಅಪೊಸ್ತಲ ಹಾಕಿದ್ನ್ರಿ?"

ಬೇರೆ ಯಾರಾದರೂ ಆಗಿದ್ದರೆ ನನ್ನ ಕೆಲಸ ಅವತ್ತೇ ಹೋಗುತ್ತಿತ್ತು. ಅವರು ಕೋಟಿನ ಗುಂಡಿ ಮುಟ್ಟಿ ನೋಡಿಕೊಂಡರು. "ಕೋಟು ಬರದೈತಿ ಅಂತ ನಾನು ಯಾರಿಗೂ ಹೇಳಿಲ್ಲಮ್ಮ. ಪದ್ಧತಿ ಇರಲಿ, ಬ್ಯಾಡ ಅನ್ನೂದಿಲ್ಲ. ಪದ್ಧತೀನ ದೇವರ ಮಾತು ಅಂದ್ರ ಸುಳ್ಳಾಗತೈತಿ. ಆ ಸುಳ್ಳು ಹೇಳು ಅಂತೀಯಾ ನನಗ?"

ಸುಳ್ಳು ಹೇಳಿ ಎನ್ನಲಾರದೆ, ದಾವೀದಪ್ಪನವರು ಕೇಳಿದ್ದನ್ನು ಹೇಳಿದೆ. ಅವರು ನಕ್ಕು, "ಕುಡಿದ ಅಂತ ಐತಲ್ಲ," ಎನ್ನುತ್ತಾ ಪುಸ್ತಕ ತೆಗೆದರು. ತೆಲುಗು ಓದಿದರು, ಕನ್ನಡ ಓದಿದರು. ನಗು ಎಲ್ಲೋ ಹೋಯಿತು. "ಎಷ್ಟು ಪ್ರಸಂಗ ಮಾಡೀನಮ್ಮ ಇದರ ಮ್ಯಾಲ," ಎಂದರು. ಆದರೂ ಕೊಡದ ಮೇಲಿನ ನಿಷೇಧ ತೆಗೆಯಲಿಲ್ಲ.

ಶುಭ ಶುಕ್ರವಾರ ಬಂತು. ಕರಿಮಣ್ಣು ಬಾಯಿ ಬಿಟ್ಟು ಒಡೆದಿದ್ದ ಬಿಸಿಲು. ಎರಡೂ ಕೇರಿಯವರು ಬಂದರು, ಆದರೆ ನಡುವೆ ಒಂದು ಚಾಪೆಯಷ್ಟು ಜಾಗ ಬಿಟ್ಟು ಕೂತರು. ಕೊಡ ಬರಲಿಲ್ಲ. ಅಯ್ಯನವರು ಶಿಲುಬೆಯ ಮೇಲೆ ಕರ್ತನು ಆಡಿದ ಏಳು ಮಾತುಗಳನ್ನು ಒಂದೊಂದೇ ಓದಿ ಪ್ರಸಂಗ ಮಾಡುತ್ತಾ ಬಂದರು. ಐದನೆಯದು ಬಂತು. "ನನಗೆ ನೀರಡಿಕೆಯಾಗಿದೆ" ಎಂದು ಓದಿದರು.

ಓದಿದ್ದೇ ತಡ, ಮೇಲಿನ ಕೇರಿಯವರೆಲ್ಲ ದಡಬಡ ಎದ್ದು ಬೊಗಸೆ ಒಡ್ಡಿ ನಿಂತುಬಿಟ್ಟರು! ಯಾರೂ ಹೇಳಿರಲಿಲ್ಲ. ವರ್ಷ ವರ್ಷವೂ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಎದ್ದು ಪಳಗಿದ ಮೈ ಅದು. ಎದ್ದ ಮೇಲೆ ಅವರಿಗೇ ಗಾಬರಿ. ಒಬ್ಬರ ಕೈ ಒಬ್ಬರು ನೋಡಿಕೊಂಡರು. ದಾವೀದಪ್ಪನವರ ಕೈಗಳೂ ಮೇಲಿದ್ದವು. ಅವುಗಳನ್ನು ಯಾರದೋ ಕೈ ನೋಡುವವರ ಹಾಗೆ ನೋಡಿದರು. ಇಳಿಸಲಿಲ್ಲ.

ಅಯ್ಯನವರು ಪುಸ್ತಕ ಮುಚ್ಚಿದರು. ಆ ಖಾಲಿ ಬೊಗಸೆಗಳನ್ನು ನೋಡಿ, "ಎಲೀಸಮ್ಮ, ನೀರು ತಾರವ್ವ," ಎಂದರು.

"ಪುಸ್ತಕದಾಗ ಇಲ್ಲಂದ್ರಲ್ಲ ಅಯ್ಯನೋರೆ," ಎಂದಳು ಆಕೆ ಕೂತಲ್ಲಿಂದಲೇ. ಸಿಟ್ಟು ಇರದೆ ಇರುತ್ತದೆಯೇ?

"ಇಲ್ಲ. ಈಗ್ಲೂ ಇಲ್ಲ ಅಂತೀನಿ," ಎಂದರು ಅಯ್ಯನವರು. "ಆದ್ರ ಇವರ ಕೈಯಾಗ ಐತಿ."

ಎಲೀಸಮ್ಮ ಮಗಳ ಮುಖ ನೋಡಿದಳು. ಸುಂದರಮ್ಮ ಎದ್ದು ಮನೆಗೆ ಹೋದಳು. ಅವಳು ಬರುವವರೆಗೆ ಮೇಲಿನ ಕೇರಿಯವರು ನಿಂತೇ ಇದ್ದರು. ಅವಳು ಕೊಡ ಸೊಂಟದ ಮೇಲಿಟ್ಟುಕೊಂಡು ಬಂದು ಎಲ್ಲರನ್ನೂ ದಾಟಿ ದಾವೀದಪ್ಪನವರ ಎದುರು ನಿಂತಳು. ಹೊಯ್ಯುತ್ತಾಳೆ ಎಂದುಕೊಂಡೆ. ಹೊಯ್ಯಲಿಲ್ಲ!

"ಮಾವಾ, ಆಕಿ ಕಥಿ ಬರದಿಲ್ಲ. ಬಾವಿ ಹತ್ರ ಕರ್ತ ಕುಡದ ಅಂತನೂ ಬರದಿಲ್ಲಂತ, ಬೈಬಲಮ್ಮ ಹೇಳಿದ್ಲು," ಎಂದಳು. "ಅದು ಗೊತ್ತಿದ್ದು ನನ್ನ ಕೈನೀರು ಕುಡೀತೀರೇನು? ಗೊತ್ತಿಲ್ಲದ ಕುಡಿಯೂದಾದ್ರ ಬ್ಯಾಡ. ನಾಳೆ ಯಾರೋ ಬಂದು ಇನ್ನೊಂದು ಹೇಳ್ತಾರ, ಆಗ ನನ್ನ ಮನಿಂದ ಹೊರಗ ಹಾಕ್ತೀರಿ."

ಇಷ್ಟು ಮಾತು ಒಂದು ಹುಡುಗಿ ಹಿರಿಯನೊಬ್ಬನಿಗೆ ಸಭೆಯೊಳಗೆ ಹೇಳಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಯಾಕೋಬ ಮೊದಲ ಸಲ ತಲೆ ಎತ್ತಿದ. ದಾವೀದಪ್ಪನವರು ಪುಸ್ತಕದ ಕಡೆ ನೋಡಲಿಲ್ಲ, ಅಯ್ಯನವರ ಕಡೆಯೂ ನೋಡಲಿಲ್ಲ.

"ಹಾಕವ್ವ," ಎಂದರು. "ನೀರಡಿಕಿ ಆಗೈತಿ."

ಸೋಮವಾರ ಮದುವೆಯಾಯಿತು. ನೀರಿನ ತಾಯಿ ಇದ್ದಳೋ ಇಲ್ಲವೋ ನಾನು ಹೇಳಲಾರೆ, ಬಾವಿಯ ಹತ್ತಿರ ಏನಾಯಿತೆಂದು ಯೋಹಾನನೇ ಹೇಳಲಿಲ್ಲ. ಆದರೆ ಆ ಶುಕ್ರವಾರ ನಾನು ಅಲ್ಲೇ ಇದ್ದೆ. ಬರೆಯದೆ ಬಿಟ್ಟರೆ ನಾಳೆ ಯಾರಾದರೂ ಪುಸ್ತಕ ಹಿಡಿದು ಕೇಳುತ್ತಾರೆ. ಅದಕ್ಕೆ ಬರೆದಿಡುತ್ತಿದ್ದೇನೆ: ಸುಂದರಮ್ಮ ಹೊಯ್ದಳು, ದಾವೀದಪ್ಪ ಕುಡಿದರು.